ವಿಶ್ವೇಶ್ವರಯ್ಯನವರೂ ನಮ್ಮ ಸಭೆಗಳೂ

ಬಡ ವಿದ್ಯಾರ್ಥಿಗಳ ಪುಸ್ತಕನಿಧಿಯ ವಿಚಾರವಾಗಿ ನಮ್ಮ ಸಂಘವು ಹೋದ ವರ್ಷ ನಾಲ್ಕು ಸಲ ಸಭೆ ಸೇರಿತು. ನಾನೇ ಕಾರ್ಯದರ್ಶಿ. ಭಾಷಣಗಳಿಗೆ ಕೊರತೆಯಿರಲಿಲ್ಲ, ಪುಸ್ತಕ ತರುವ ಹೊಣೆಯನ್ನು ಮಾತ್ರ ಯಾರಿಗೂ ವಹಿಸಲಿಲ್ಲ. ಅಷ್ಟರಲ್ಲಿ ಪರೀಕ್ಷೆಯೇ ಬಂದಿತು. ಆ ನಾಚಿಕೆಯಲ್ಲಿದ್ದಾಗ ಸರ್ ಎಂ. ವಿಶ್ವೇಶ್ವರಯ್ಯನವರ ಚರಿತ್ರೆಯನ್ನು ಓದಿದೆನು.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳೆತನದಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಓದಿದ ಆ ಮಹನೀಯರು 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಹೊತ್ತು ತಪ್ಪದ ನಡೆಗೆ ಹೆಸರಾದವರು. ಅವರ ಸಲಹೆಯಂತೆ 1911ರಲ್ಲಿ ಆರಂಭವಾದ ಆರ್ಥಿಕ ಸಮ್ಮೇಳನವು ವರ್ಷಕ್ಕೊಮ್ಮೆ ಸೇರಿ ಚೆದರುವ ಜಾತ್ರೆಯಾಗಲಿಲ್ಲ. ವ್ಯವಸಾಯಕ್ಕೊಂದು, ವಿದ್ಯೆಗೊಂದು, ಕೈಗಾರಿಕೆ ವಾಣಿಜ್ಯಗಳಿಗೊಂದು ಸಮಿತಿಯಿದ್ದು ವರ್ಷವಿಡೀ ಕೆಲಸ ನಡೆಯಿತು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಅದರ ಫಲಗಳಲ್ಲೊಂದು. ನೂರು ದಾಟಿದ ಮೇಲೆ, 1962ರಲ್ಲಿ, ಅವರು ಕಾಲವಾದರು.

ಈ ವರ್ಷ ವಿಷಯಪಟ್ಟಿಯನ್ನು ಮೊದಲೇ ಹಂಚಿದೆವು. ಅರ್ಧ ಗಂಟೆಯಲ್ಲಿ ಸಭೆ ಮುಗಿಯಿತು. ಮೂವರ ಹೆಸರೂ ಅವರವರ ಕೆಲಸವೂ ಗಡುವೂ ನಡವಳಿ ಪುಸ್ತಕವನ್ನು ಸೇರಿದುವು. ಪಠ್ಯಪುಸ್ತಕಗಳು ಪರೀಕ್ಷೆಗೆ ಎರಡು ತಿಂಗಳು ಮುಂಚೆಯೇ ಬಡ ಗೆಳೆಯರ ಕೈಗೆ ಬಂದುವು. ಸಭೆ ಮುಗಿದು ಏಳುವಾಗ ಯಾರು ಏನು ಮಾಡಬೇಕೆಂಬುದು ತಿಳಿಯದಿದ್ದರೆ ಆ ಸಭೆ ನಡೆದೂ ನಡೆಯದಂತೆಯೇ ಸರಿ.