ಗಾಜಿನ ತೊಟ್ಟಿಯಲ್ಲಿ ಕಡಲು: ಫಿಲಿಪ್ ಹೆನ್ರಿ ಗಾಸ್

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರಲ್ಲಿ ತುಂಬಾ ಜನಕ್ಕೆ ಈ ಅನುಭವ ಆಗಿರತ್ತೆ. ನೀರು ತಿಳಿಯಾಗಿದೆ, ಮೀನಿನ ಮೈಮೇಲೆ ಗಾಯ ಇಲ್ಲ, ರಾತ್ರಿ ಚೆನ್ನಾಗಿಯೇ ತಿಂದಿತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಸತ್ತುಬಿದ್ದಿದೆ. ಜೊತೆಗಿದ್ದ ಏಡಿ ಏನಾದ್ರೂ ಮಾಡ್ತಾ? ಅಥವಾ ನೀರಲ್ಲೇ ಏನೋ ಇತ್ತಾ? ಸುಮಾರು 170 ವರ್ಷದ ಹಿಂದೆ ಇಂಥ ಪ್ರಶ್ನೆಗಳ ಜೊತೆ ಒದ್ದಾಡಿದವರು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. ಅಕ್ವೇರಿಯಂ ಅನ್ನೋ ಪದ ಇವತ್ತಿನ ಅರ್ಥದಲ್ಲಿ ಜನರ ಬಾಯಿಗೆ ಬಂದಿದ್ದು ಅವರಿಂದಲೇ.

ಗಾಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು, ವೂಸ್ಟರ್ ನಗರದಲ್ಲಿ. ಬೆಳೆದದ್ದು ಪೂಲ್ ಎಂಬ ಬಂದರು ಊರಿನಲ್ಲಿ. ತಂದೆ ಊರೂರು ಅಲೆದು ಪುಟ್ಟ ಭಾವಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದ. ಮನೆಯಲ್ಲಿ ದುಡ್ಡಿಗೆ ಕಷ್ಟ. 1827ರಲ್ಲಿ ಗಾಸ್ ಗುಮಾಸ್ತನಾಗಿ ನ್ಯೂಫೌಂಡ್‌ಲ್ಯಾಂಡ್‌ಗೆ ಹಡಗು ಹತ್ತಿದರು. ಆಮೇಲೆ ಕೆನಡಾದಲ್ಲಿ ಬೇಸಾಯ ಮಾಡಿ ಸೋತರು, ಅಲಬಾಮಾದಲ್ಲಿ ಮೇಷ್ಟ್ರಾದರು, ಜಮೈಕಾದಲ್ಲಿ ಹಕ್ಕಿಗಳನ್ನು ಅಧ್ಯಯನ ಮಾಡಿದರು. ಯೂನಿವರ್ಸಿಟಿ ಮೆಟ್ಟಿಲು ಹತ್ತಲೇ ಇಲ್ಲ. ಕಲಿತಿದ್ದೆಲ್ಲ ಕಣ್ಣಿಂದ ನೋಡಿ, ಕೈಯಿಂದ ಚಿತ್ರ ಬರೆದು.

1852ರಲ್ಲಿ ಆರೋಗ್ಯ ಕೆಟ್ಟು ಡೆವನ್ ಕಡಲತೀರಕ್ಕೆ ಹೋದರು. ಅಲ್ಲಿ ಬಂಡೆಗಳ ನಡುವಿನ ಪುಟ್ಟ ಕೊಳಗಳಲ್ಲಿ ಸಿಗುವ ಜೀವಿಗಳನ್ನು ಗಾಜಿನ ಪಾತ್ರೆಯಲ್ಲಿ ಸಾಕುವ ಪ್ರಯೋಗ ಶುರುವಾಯ್ತು. ಅದೇ ಕಾಲಕ್ಕೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಕೂಡ ಇದೇ ದಾರಿಯಲ್ಲಿದ್ದರು. ಅವರು ಮೊದಲು ಗೋಲ್ಡ್‌ಫಿಶ್ ಜೊತೆ ನೀರುಗಿಡ ಇಟ್ಟಿದ್ದರು. ಎಲೆ ಕೊಳೆತು ನೀರು ಕೆಟ್ಟಿತು. ಕೊಳೆತದ್ದನ್ನು ತಿನ್ನೋಕೆ ಬಸವನಹುಳು ಬಿಟ್ಟ ಮೇಲೆ ಎಲ್ಲ ಸರಿಹೋಯ್ತು. ಅಂದ್ರೆ ತೊಟ್ಟಿಯಲ್ಲಿ ಯಾರ ಜೊತೆ ಯಾರು ಇದ್ದಾರೆ ಅನ್ನೋದೇ ಮುಖ್ಯ.

ಗಾಸ್ ಇದನ್ನು ಸಮುದ್ರದ ಜೀವಿಗಳಲ್ಲಿ ನೋಡಿದರು. ಹಸಿರು ಪಾಚಿ ಆಮ್ಲಜನಕ ಕೊಡತ್ತೆ, ಪ್ರಾಣಿ ಅದನ್ನು ಬಳಸತ್ತೆ. ಎರಡೂ ಸಮ ಇದ್ರೆ ತೊಟ್ಟಿ ಉಳಿಯತ್ತೆ ಅನ್ನೋದು ಆಗಿನ ಲೆಕ್ಕ. ಆದ್ರೆ ನೆರೆಹೊರೆಯ ಸಮಸ್ಯೆ ಬೇರೆ ಇತ್ತು. ಹತ್ತಿರ ಬಂದ ಪುಟ್ಟ ಮೀನನ್ನು ಸೀ ಅನಿಮೋನ್ ನುಂಗತ್ತೆ, ಏಡಿ ಸಿಕ್ಕಿದ್ದನ್ನು ಹರಿಯತ್ತೆ. ಎಲ್ಲ ನೆರೆಯವರೂ ಶತ್ರುಗಳೇನಲ್ಲ. ಒಂದು ಜಾತಿಯ ಸನ್ಯಾಸಿ ಏಡಿ ತನ್ನ ಚಿಪ್ಪಿನ ಮೇಲೆ ಅನಿಮೋನ್ ಹೊತ್ತು ತಿರುಗತ್ತೆ. ಚಿಪ್ಪು ಬದಲಿಸಿದಾಗ ಅದನ್ನೂ ಹೊಸ ಮನೆಗೆ ಕರ್ಕೊಂಡು ಹೋಗೋದನ್ನು ಗಾಸ್ ತೊಟ್ಟಿಯಲ್ಲೇ ಕಂಡು ದಾಖಲಿಸಿದರು.

1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಗಾಸ್ ಮುಖ್ಯರು. 1854ರಲ್ಲಿ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ಕಡಲಿಂದ ದೂರ ಇರೋರಿಗಾಗಿ ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿ ಕೃತಕ ಸಮುದ್ರದ ನೀರು ಮಾಡುವ ಲೆಕ್ಕವನ್ನೂ ಕೊಟ್ಟರು. ಇಂಗ್ಲೆಂಡಿಗೆ ಅಕ್ವೇರಿಯಂ ಹುಚ್ಚು ಹಿಡಿಯಿತು.

1857 ಅವರ ಪಾಲಿಗೆ ಕೆಟ್ಟ ವರ್ಷ. ಹೆಂಡತಿ ಎಮಿಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಗ ಎಡ್ಮಂಡ್‌ಗೆ ಆಗ 7 ವರ್ಷ. ಬೈಬಲ್ಲಿನ ಸೃಷ್ಟಿಗೂ ಭೂವಿಜ್ಞಾನಕ್ಕೂ ಹೊಂದಿಸಲು ಅದೇ ವರ್ಷ ಬರೆದ ‘ಓಂಫಲಾಸ್’ ಪುಸ್ತಕವನ್ನು ಯಾರೂ ಒಪ್ಪಲಿಲ್ಲ. ಇನ್ನೊಂದು ನೋವು ನಿಧಾನವಾಗಿ ಬಂತು. ಅವರ ಪುಸ್ತಕ ಓದಿದ ಜನ ಬುಟ್ಟಿ ಹಿಡಿದು ಕಡಲತೀರಕ್ಕೆ ನುಗ್ಗಿ, ಬಂಡೆಕೊಳಗಳನ್ನು ಬರಿದು ಮಾಡಿಬಿಟ್ಟರು. ತಾವು ಪ್ರೀತಿಸಿದ ಜಾಗ ತಮ್ಮಿಂದಲೇ ಹಾಳಾಯ್ತು ಅಂತ ಅವರು ಕೊರಗಿದ್ದನ್ನು ಮಗ ಮುಂದೆ ‘ಫಾದರ್ ಅಂಡ್ ಸನ್’ನಲ್ಲಿ ಬರೆದ.

1888ರ ಆಗಸ್ಟ್ 23ರಂದು ಗಾಸ್ ತೀರಿಕೊಂಡರು. ಅಷ್ಟರಲ್ಲಿ ಒಗಟಿನ ಉಳಿದರ್ಧ ಬಿಡಿಸ್ಕೊಳ್ತಾ ಇತ್ತು. ಮೀನಿನ ಕಿವಿರಿಂದ, ಕೊಳೆತ ಆಹಾರದಿಂದ ಅಮೋನಿಯ ಬರತ್ತೆ. ಸಮುದ್ರದ ನೀರಿನ ಪಿಎಚ್ ಸುಮಾರು 8.2 ಇರೋದ್ರಿಂದ ಅಲ್ಲಿ ಅದರ ವಿಷ ಇನ್ನೂ ಜಾಸ್ತಿ. ಅದಕ್ಕೆ ಬಣ್ಣ ಇಲ್ಲ, ನೀರು ತಿಳಿಯಾಗೇ ಕಾಣತ್ತೆ. ಈ ಅಮೋನಿಯವನ್ನು ಒಂದು ಬಗೆಯ ಸೂಕ್ಷ್ಮಜೀವಿ ನೈಟ್ರೈಟ್ ಮಾಡತ್ತೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡತ್ತೆ. ಇವು ಎರಡು ಬೇರೆ ಬೇರೆ ಹಂತ ಅಂತ ಮಣ್ಣಿನ ಮೇಲಿನ ಪ್ರಯೋಗಗಳಿಂದ ತೋರಿಸಿದವರು ಯಾರು ಗೊತ್ತಾ? ಅದೇ ವಾರಿಂಗ್ಟನ್ ಅವರ ಮಗ! ಅವರ ಹೆಸರೂ ರಾಬರ್ಟ್ ವಾರಿಂಗ್ಟನ್ನೇ. ಇದನ್ನು ಅಕ್ವೇರಿಯಂಗೆ ಜೋಡಿಸಿ ನೋಡೋಕೆ ಇನ್ನೂ ದಶಕಗಳು ಹಿಡಿದವು.

ಯಾರು ಯಾರ ಜೊತೆ ಬದುಕಬಲ್ಲರು ಅಂತ ಗಾಸ್ ಕೇಳಿದ ಪ್ರಶ್ನೆ ಸರಿಯಾಗೇ ಇತ್ತು. ಅವರ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ನೆರೆಯವರು ಮಾತ್ರ ಇರಲಿಲ್ಲ. ಹೊಸ ತೊಟ್ಟಿಯಲ್ಲಿ ಆ ನೆರೆಯವರು ನೆಲೆಯೂರೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅದಕ್ಕೂ ಮುಂಚೆ ಮೀನು ಬಿಟ್ಟು, ಅದು ಸತ್ತರೆ ಏಡಿಯನ್ನು ಬೈದು ಪ್ರಯೋಜನ ಇಲ್ಲ. ಮೊದಲು ಅಮೋನಿಯ ಟೆಸ್ಟ್ ಮಾಡಿ ನೋಡಿ.