ಸ್ಯೂವೆಲ್ ನ್ಯೂಹೌಸ್: ಉಕ್ಕಿನ ಹದ ಬಲ್ಲ ಕಮ್ಮಾರ

ಉತ್ತರ ಅಮೆರಿಕದ ಚರಿತ್ರೆಯನ್ನು ಓದುವವರಿಗೆ ತುಪ್ಪುಳದ ವ್ಯಾಪಾರದ ಕಥೆ ಅಪರಿಚಿತವಲ್ಲ. ಬೀವರ್, ನೀರುನಾಯಿ, ಮಿಂಕ್, ನರಿ ಮೊದಲಾದ ಪ್ರಾಣಿಗಳ ಚರ್ಮವನ್ನರಸಿ ಬೇಟೆಗಾರರು ನದಿಗಳ ಜಾಡು ಹಿಡಿದು ಒಳನಾಡಿಗೆ ನುಗ್ಗಿದರು. ಅವರ ಹಿಂದೆ ವರ್ತಕರು ಬಂದರು, ವರ್ತಕರ ಹಿಂದೆ ಊರುಗಳು ಎದ್ದವು. ಆ ಬೇಟೆಗಾರನ ಹೆಗಲ ಮೇಲಿದ್ದ ಉಕ್ಕಿನ ಬೋನನ್ನು ಮಾಡಿದವನ ಹೆಸರು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. ಕಸುಬಿನವರ ನಡುವೆಯಾದರೋ ಸ್ಯೂವೆಲ್ ನ್ಯೂಹೌಸನ ಹೆಸರು ಇಂದಿಗೂ ಮಾಸಿಲ್ಲ.

ನ್ಯೂಹೌಸ್ ಹುಟ್ಟಿದ್ದು 1806ರಲ್ಲಿ, ವರ್ಮಾಂಟ್ ಪ್ರಾಂತದ ಬ್ರ್ಯಾಟಲ್‌ಬರೊದಲ್ಲಿ. ಅವನು ಬಾಲಕನಾಗಿದ್ದಾಗಲೇ ಮನೆಯವರು ನ್ಯೂಯಾರ್ಕ್ ಪ್ರಾಂತದ ಒನೈಡಾ ಸೀಮೆಗೆ ಬಂದು ನೆಲಸಿದರು. ಆಗ ಅದು ಕಾಡು ಇನ್ನೂ ಪೂರ್ತಿ ಕರಗದಿದ್ದ ನಾಡು. ಅಲ್ಲಿ ಒನೈಡಾ ಮೂಲನಿವಾಸಿಗಳು ವಾಸಿಸುತ್ತಿದ್ದರು. ಹುಡುಗನಿಗೆ ಬೇಟೆಯ ಗೀಳು ಹತ್ತಿತು. ಆದರೆ ಬೋನುಗಳನ್ನು ಕೊಳ್ಳಲು ಕೈಯಲ್ಲಿ ಹಣವಿರಲಿಲ್ಲ. ಹದಿನೇಳರ ಹರೆಯದಲ್ಲಿ ಅವನು ತಾನೇ ಕುಲುಮೆಯ ಮುಂದೆ ನಿಂತ. ಸವೆದ ಕೊಡಲಿಗಳ ಉಕ್ಕನ್ನು ಕಾಯಿಸಿ ಬಡಿದು ಸ್ಪ್ರಿಂಗುಗಳನ್ನು ಮಾಡಿದ; ಉಳಿದ ಭಾಗಗಳಿಗೆ ಕಬ್ಬಿಣವನ್ನು ಬಳಸಿದ. ಹೀಗೆ ಸಿದ್ಧವಾದವು ಸುಮಾರು ಐವತ್ತು ಬೋನುಗಳು. ಒಂದು ಋತುವಿನ ಬೇಟೆ ಮುಗಿದ ಮೇಲೆ ಅವನ್ನು ಮೂಲನಿವಾಸಿಗಳಿಗೆ ಮಾರಿದ. ಬಂದ ಹಣದಿಂದ ಹೊಸವನ್ನು ಮಾಡಿದ. ಬೇಟೆಗಾರ ಕಮ್ಮಾರನಾದ ಬಗೆ ಇದು.

ಇಲ್ಲಿ ಬೋನು ಎಂದರೆ ನಮ್ಮ ಹಳ್ಳಿಗಳಲ್ಲಿ ಚಿರತೆಗೆ ಒಡ್ಡುವ ಪಂಜರವಲ್ಲ. ಎರಡು ಕಬ್ಬಿಣದ ದವಡೆಗಳು, ಅವುಗಳ ನಡುವೆ ಒಂದು ಪುಟ್ಟ ತಟ್ಟೆ, ಪಕ್ಕದಲ್ಲಿ ಸ್ಪ್ರಿಂಗು, ಕೊನೆಗೆ ಒಂದು ಸರಪಳಿ. ಪ್ರಾಣಿ ತಟ್ಟೆಯನ್ನು ಮೆಟ್ಟಿದೊಡನೆ ದವಡೆಗಳು ಮುಚ್ಚಿ ಕಾಲನ್ನು ಹಿಡಿಯುತ್ತವೆ. ಇಡೀ ಯಂತ್ರದ ಪ್ರಾಣ ಸ್ಪ್ರಿಂಗಿನ ಹದದಲ್ಲಿದೆ. ಹದ ಹೆಚ್ಚಿದರೆ ಹೆಪ್ಪುಗಟ್ಟಿಸುವ ಚಳಿಯಲ್ಲಿ ಅದು ಒಡೆದುಹೋಗುತ್ತದೆ. ಕಡಿಮೆಯಾದರೆ ಸೋತು ಬಾಗುತ್ತದೆ. ಆ ಹದ ನ್ಯೂಹೌಸನ ಕೈಗೆ ಸಿದ್ಧಿಸಿತ್ತು, ಅದನ್ನು ಅವನು ಗುಟ್ಟಾಗಿಯೇ ಇಟ್ಟುಕೊಂಡಿದ್ದ.

1848ರಲ್ಲಿ ಜಾನ್ ಹಂಫ್ರಿ ನಾಯ್ಸ್ ಎಂಬ ಧರ್ಮಪ್ರವರ್ತಕ ಒನೈಡಾದಲ್ಲಿ ಒಂದು ಸಮಾಜವನ್ನು ಕಟ್ಟಿದ. ಮನುಷ್ಯ ಈ ಲೋಕದಲ್ಲೇ ಪಾಪರಹಿತನಾಗಬಲ್ಲನೆಂಬುದು ಅವರ ನಂಬಿಕೆ. ಅಲ್ಲಿ ಆಸ್ತಿಯಷ್ಟೇ ಅಲ್ಲ, ದಾಂಪತ್ಯವೂ ಸಮಸ್ತರಿಗೆ ಸೇರಿದ್ದೆಂದು ಭಾವಿಸಿದ್ದರು. ನ್ಯೂಹೌಸ್ ಆರಂಭದ ದಿನಗಳಲ್ಲೇ ಈ ಸಮಾಜವನ್ನು ಸೇರಿದ. ತೋಟಗಾರಿಕೆಯನ್ನು ನೆಚ್ಚಿದ್ದ ಸಮಾಜ ನಷ್ಟದಲ್ಲಿ ನವೆಯುತ್ತಿತ್ತು. 1850ರ ದಶಕದ ನಡುವಿನಲ್ಲಿ ನಾಯ್ಸನ ಕಣ್ಣು ಬೋನುಗಳ ಮೇಲೆ ಬಿತ್ತು. ಎಲ್ಲವೂ ಎಲ್ಲರದಾಗಿರುವಲ್ಲಿ ಒಬ್ಬನ ಗುಟ್ಟಿಗೆ ಎಡೆಯೆಲ್ಲಿ? ನ್ಯೂಹೌಸ್ ತನ್ನ ವಿದ್ಯೆಯನ್ನು ಬಿಟ್ಟುಕೊಟ್ಟ. ಅಡಿಗಲ್ಲಿನ ಜಾಗಕ್ಕೆ ಯಂತ್ರಗಳು ಬಂದವು. ಒನೈಡಾದ ಬೋನುಗಳು ಖಂಡವನ್ನೆಲ್ಲ ತುಂಬಿದವು. ಮಾಂಸಾಹಾರವನ್ನು ಬಹುಮಟ್ಟಿಗೆ ದೂರವಿಟ್ಟಿದ್ದ ಆ ಜನರ ಅನ್ನ ಪ್ರಾಣಿಗಳನ್ನು ಹಿಡಿಯುವ ಉಕ್ಕಿನಿಂದ ಹುಟ್ಟಿತು.

1865ರಲ್ಲಿ ಬೇಟೆಗಾರರಿಗಾಗಿ ನ್ಯೂಹೌಸನ ಕೈಪಿಡಿ ಪ್ರಕಟವಾಯಿತು. ಬೋನನ್ನು ಆರಿಸುವ ವಿವೇಕವನ್ನು ಶಾಸ್ತ್ರದಂತೆ ಹೇಳಿದ ಪುಸ್ತಕವದು. ಪ್ರತಿಯೊಂದು ಪ್ರಾಣಿಗೂ ಅದರದೇ ಅಳತೆ: ಇಲಿಗೆ ಸೊನ್ನೆ, ಮಸ್ಕ್‌ರಾಟ್ ಎಂಬ ನೀರಿನ ದಂಶಕಕ್ಕೆ 1, ನರಿಗೆ 2, ನೀರುನಾಯಿಗೆ 3, ಬೀವರಿಗೆ 4, ಸಣ್ಣ ಕರಡಿಗೆ 5, ದೊಡ್ಡ ಕರಡಿಗೆ 6. ಈ ಕೊನೆಯದರ ತೂಕ 42 ಪೌಂಡು; ಬಾಯಿ ತೆರೆದರೆ ದವಡೆಗಳ ಹರವು 16 ಅಂಗುಲ. ದವಡೆಗಳು ತೆಳುವಾಗಿರಬಾರದು, ಅಂಚು ಹರಿತವಾಗಿರಬಾರದು. ತೆಳು ತಗಡಿನ ದವಡೆ ಚಾಕುವಿನಂತೆ ಕಾಲನ್ನು ಕತ್ತರಿಸುತ್ತದೆ, ಉಳಿದುದನ್ನು ಪ್ರಾಣಿಯೇ ಕಡಿದು ತಪ್ಪಿಸಿಕೊಳ್ಳುತ್ತದೆ. ತಟ್ಟೆ ಅಗಲವಾಗಿರಬಾರದು, ಅಂಚನ್ನು ಮುಟ್ಟಿದರೂ ಬೋನು ಸಿಡಿದು ಬೇಟೆ ಕೈತಪ್ಪುತ್ತದೆ. ಸಿಕ್ಕ ಪ್ರಾಣಿಯನ್ನು ಮೇಲೆತ್ತುವ ಬಾಗುಗಳು, ನೀರಿನ ಆಳಕ್ಕೆ ಜಾರಿಸುವ ಗಳು ಇವುಗಳ ವಿವರಣೆಯೂ ಅಲ್ಲಿದೆ. ಈ ಎಚ್ಚರಿಕೆಗಳ ಹಿಂದೆ ಇದ್ದದ್ದು ಬಹುಮಟ್ಟಿಗೆ ಚರ್ಮ ನಷ್ಟವಾಗಬಾರದೆಂಬ ಲೆಕ್ಕ, ಪ್ರಾಣಿಯ ನೋವಿನ ಚಿಂತೆಯಲ್ಲ. ಆದರೂ ನಾಜೂಕಿನ ಆ ಲೆಕ್ಕವೇ ಅರಿವಿಲ್ಲದೆ ಕರುಣೆಯ ಹೊಸ್ತಿಲವರೆಗೆ ಬಂದಿತ್ತು.

ನಾಯ್ಸ್ 1879ರಲ್ಲಿ ಕೆನಡಾಕ್ಕೆ ಪಲಾಯನ ಮಾಡಿದ. 1881ರಲ್ಲಿ ಸಮಾಜ ಕರಗಿ ಷೇರುದಾರರ ಕಂಪನಿಯಾಯಿತು. 1888ರಲ್ಲಿ ನ್ಯೂಹೌಸ್ ತೀರಿಕೊಂಡ. ಮುಂದೆ ಆ ಕಂಪನಿ ಊಟದ ಮೇಜಿನ ಚಮಚೆಗಳಿಗೆ ಜಗತ್ಪ್ರಸಿದ್ಧವಾಯಿತು. 1925ರಲ್ಲಿ ಬೋನಿನ ವ್ಯವಹಾರವನ್ನು ಬೇರೆಯವರಿಗೆ ಮಾರಿತು.

ನ್ಯೂಹೌಸನ ಕಾಲದಲ್ಲಿ ಬೇಟೆಗಾರ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಬೋನು ಹಿಡಿದದ್ದನ್ನು ಬಿಡದೆ ಇರುವುದೇ? ಅದಕ್ಕೆ ಮುಂಚಿನ ಪ್ರಶ್ನೆಯನ್ನು ಮುಂದಿನ ಶತಮಾನ ತಂದಿತು: ಇದನ್ನು ಇಡಲು ಕಾನೂನು ಒಪ್ಪುವುದೇ? ಇಂಗ್ಲೆಂಡು 1954ರಲ್ಲಿ ಶಾಸನ ಮಾಡಿ 1958ರಿಂದ ಕಾಲುಹಿಡಿಯುವ ಹಳೆಯ ಬೋನನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟ 1995ರಿಂದ ಅಂಥ ಬೋನುಗಳ ಬಳಕೆಗೆ ತಡೆ ಹಾಕಿತು. ನ್ಯೂಹೌಸನ ಸ್ವಂತ ನ್ಯೂಯಾರ್ಕ್ ಪ್ರಾಂತದಲ್ಲಿ ಕಾಲುಬೋನು ಪೂರ್ತಿ ನಿಷಿದ್ಧವಲ್ಲ. ಆದರೆ ಹಲ್ಲುಳ್ಳ ದವಡೆಗಳಿಗೆ ಅನುಮತಿಯಿಲ್ಲ. ಅವನ ಕರಡಿಬೋನುಗಳಿಗೆ ಇದ್ದದ್ದು ಅಂಥ ಹಲ್ಲುಗಳೇ.

ಒನೈಡಾದ ಬೋನಿನ ವ್ಯವಹಾರ ಕೈಬದಲಾಗಿ ಪೆನ್ಸಿಲ್ವೇನಿಯದ ಲಿಟಿಟ್ಜ್ ಊರನ್ನು ಸೇರಿತ್ತು. ಅಲ್ಲಿಯ ಕಾರ್ಖಾನೆಯೇ 1950ರ ದಶಕದ ಕೊನೆಯಲ್ಲಿ ಫ್ರ್ಯಾಂಕ್ ಕಾನಿಬೇರ್ ಎಂಬ ಕೆನಡಾದ ಬೇಟೆಗಾರ ಕಂಡುಹಿಡಿದ ಹೊಸ ಬೋನನ್ನು ತಯಾರಿಸಲು ತೊಡಗಿತು. ಅದು ಕಾಲನ್ನು ಹಿಡಿದು ಗಂಟೆಗಟ್ಟಲೆ ನರಳಿಸದೆ, ದೇಹವನ್ನೇ ಅದುಮಿ ಬೇಗ ಕೊಲ್ಲಲೆಂದು ರೂಪಿಸಿದ ಸಾಧನ. ಹೀಗೆ ನ್ಯೂಹೌಸನ ವಾರಸುದಾರರ ಕುಲುಮೆಯಲ್ಲಿಯೇ ಅವನ ಬೋನಿಗೆ ಪ್ರತಿಸ್ಪರ್ಧಿ ಹುಟ್ಟಿತು. ಉಕ್ಕಿನ ಹದವನ್ನು ಅವನು ಕಲಿಸಿಹೋಗಿದ್ದ. ಆ ಉಕ್ಕನ್ನು ಎಲ್ಲಿ, ಎಷ್ಟರಮಟ್ಟಿಗೆ ಬಳಸಬೇಕೆಂಬ ಹದವನ್ನು ಮನುಷ್ಯ ಇನ್ನೂ ಕಲಿಯುತ್ತಿದ್ದಾನೆ.