ಮುಂಬಯಿ ನಗರಸಭೆಯ ನಿರ್ಮಾತೃ ಫಿರೋಜ್‌ಶಾ ಮೆಹ್ತಾ

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ರೈಲು ನಿಲ್ದಾಣದಿಂದ ಹೊರಬರುವವರಿಗೆ ಎದುರಿಗೇ ಕಾಣುವುದು ಮಹಾನಗರ ಪಾಲಿಕೆಯ ಕಚೇರಿ. 1893ರಲ್ಲಿ ಪೂರ್ಣಗೊಂಡ ಈ ಭವ್ಯ ಕಟ್ಟಡದ ಮುಂದಿರುವ ಪ್ರತಿಮೆ ಸರ್ ಫಿರೋಜ್‌ಶಾ ಮೆಹ್ತಾ ಅವರದು. ಕಾಂಗ್ರೆಸ್ಸಿನ ಆರಂಭಕಾಲದ ಮಂದಗಾಮಿ ನಾಯಕರೆಂದು ಪಠ್ಯಪುಸ್ತಕಗಳು ಅವರನ್ನು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುತ್ತವೆ. ಆದರೆ ಅವರ ಸಾರ್ವಜನಿಕ ಬದುಕಿನ ಸಾರವಿದ್ದುದು ನೀರು, ಚರಂಡಿ, ತೆರಿಗೆಗಳ ಲೆಕ್ಕ ಕೇಳುವ ನಗರಸಭೆಯಲ್ಲಿ.

1845ರ ಆಗಸ್ಟ್ 4ರಂದು ಮುಂಬಯಿಯ ಪಾರ್ಸಿ ವರ್ತಕ ಕುಟುಂಬದಲ್ಲಿ ಜನಿಸಿದ ಮೆಹ್ತಾ, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿಗೆ ತೆರಳಿ 1868ರಲ್ಲಿ ಬ್ಯಾರಿಸ್ಟರ್ ಆದರು. ಲಂಡನ್ನಿನಲ್ಲಿ ದಾದಾಭಾಯಿ ನವರೋಜಿಯವರ ಒಡನಾಟ ದೊರೆಯಿತು. ಅದೇ ವರ್ಷ ಅವರು ತಾಯ್ನಾಡಿಗೆ ಮರಳಿದಾಗ ಮುಂಬಯಿ ಸಾಲದ ಹೊರೆಯಿಂದ ನಲುಗುತ್ತಿತ್ತು.

1865ರ ಕಾಯ್ದೆಯ ಪ್ರಕಾರ ಅಂದು ನಗರದ ಹೊಣೆ ಸರ್ಕಾರವೇ ನೇಮಿಸಿದ 'ಜಸ್ಟೀಸ್ ಆಫ್ ದಿ ಪೀಸ್'ಗಳ ಮಂಡಳಿಯದಾಗಿತ್ತು. ಕಾರ್ಯನಿರ್ವಹಣೆಯ ಸಕಲ ಅಧಿಕಾರವೂ ಕಮಿಷನರ್ ಆರ್ಥರ್ ಕ್ರಾಫರ್ಡ್ ಅವರ ಕೈಯಲ್ಲಿತ್ತು. ಕ್ರಾಫರ್ಡ್ ದಕ್ಷರು, ಜೊತೆಗೆ ಮಹಾ ಖರ್ಚುಗಾರರು. ಅವರ ಕಾಲದಲ್ಲಿ ರಸ್ತೆಗಳು ಅಗಲಗೊಂಡವು, ಅವರ ಹೆಸರು ಹೊತ್ತ ಮಾರುಕಟ್ಟೆ ತಲೆಯೆತ್ತಿತು. ಜೊತೆಜೊತೆಗೇ ಬೊಕ್ಕಸ ಬರಿದಾಯಿತು. 1871ರಲ್ಲಿ ತೆರಿಗೆದಾರರು ರೊಚ್ಚಿಗೆದ್ದರು. ಕಮಿಷನರ್ ಅಧಿಕಾರವನ್ನು ಕಿತ್ತು ಸಮಿತಿಯೊಂದಕ್ಕೆ ಒಪ್ಪಿಸಬೇಕೆಂಬ ಕೂಗು ಬಲವಾಯಿತು.

ಆ ನವೆಂಬರ್‌ನಲ್ಲಿ ಫ್ರಾಮ್‌ಜಿ ಕಾವಸ್‌ಜಿ ಸಭಾಂಗಣದಲ್ಲಿ ಇಪ್ಪತ್ತಾರರ ತರುಣ ಮೆಹ್ತಾ ಪ್ರಬಂಧವೊಂದನ್ನು ಮಂಡಿಸಿ, ಜನಾಭಿಪ್ರಾಯದ ವಿರುದ್ಧ ಈಜಿದರು. ದೋಷ ಒಬ್ಬ ಅಧಿಕಾರಿಯ ಕೈಯಲ್ಲಿ ಅಧಿಕಾರವಿರುವುದರಲ್ಲಿಲ್ಲ, ಅವನನ್ನು ಪ್ರಶ್ನಿಸುವ ಚುನಾಯಿತ ಸಭೆ ಇಲ್ಲದಿರುವುದರಲ್ಲಿದೆ ಎಂಬುದು ಅವರ ವಾದ. ಸಮಿತಿಗಳು ಆಡಳಿತ ನಡೆಸಿದರೆ ಹೊಣೆ ಯಾರ ತಲೆಗೂ ಬರುವುದಿಲ್ಲ. ಕೆಲಸ ಒಬ್ಬ ಅಧಿಕಾರಿಗಿರಲಿ, ಲೆಕ್ಕ ಕೇಳುವ ಹಕ್ಕು ಜನಪ್ರತಿನಿಧಿಗಳಿಗಿರಲಿ ಎಂದು ಅವರು ಪ್ರತಿಪಾದಿಸಿದರು. ಸಭಿಕರು ಕೂಗಾಡಿದರು. ಜನರ ಪರ ನಿಲ್ಲಬೇಕಾದವರು ಕಮಿಷನರ್ ಪರ ವಕಾಲತ್ತು ವಹಿಸಿದರೆಂಬ ಸಿಟ್ಟು ಅವರದು.

ಆದರೆ 1872ರ ಕಾಯ್ದೆ ಬಹುಮಟ್ಟಿಗೆ ಮೆಹ್ತಾ ತೋರಿದ ದಾರಿಯಲ್ಲೇ ಸಾಗಿತು. 64 ಸದಸ್ಯರ ಸಭೆ ರೂಪುಗೊಂಡಿತು. ಅದರಲ್ಲಿ 32 ಮಂದಿ ತೆರಿಗೆದಾರರಿಂದ ಚುನಾಯಿತರು, 16 ಮಂದಿ ಜಸ್ಟೀಸ್‌ಗಳು ಆರಿಸಿದವರು, ಉಳಿದ 16 ಮಂದಿ ಸರ್ಕಾರದ ನಾಮಕರಣ. ಆದರೂ ಇದು ಪ್ರಜಾಪ್ರಭುತ್ವ ಎನ್ನುವ ಹಾಗಿರಲಿಲ್ಲ. ವರ್ಷಕ್ಕೆ ಕನಿಷ್ಠ 50 ರೂಪಾಯಿ ತೆರಿಗೆ ಕಟ್ಟುವವರಿಗಷ್ಟೇ ಮತದಾನದ ಹಕ್ಕು. ಆರು ಲಕ್ಷಕ್ಕೂ ಅಧಿಕ ಜನರಿದ್ದ ನಗರದಲ್ಲಿ ಗಿರಣಿ ಕಾರ್ಮಿಕ, ಹಮಾಲಿ, ಚಾಳಿನ ಬಾಡಿಗೆದಾರ ಯಾರೂ ಲೆಕ್ಕಕ್ಕೆ ಬರಲಿಲ್ಲ. ಮೆಹ್ತಾ ಅವರ ಚಿಂತನೆಯ ಮಿತಿಯೂ ಇಲ್ಲಿಯೇ ಕಾಣುತ್ತದೆ. ಅವರ ದೃಷ್ಟಿಯಲ್ಲಿ ನಾಗರಿಕನೆಂದರೆ ತೆರಿಗೆ ತೆರುವವನು.

1884 ಮತ್ತು 1885ರಲ್ಲಿ ಅವರು ನಗರಸಭೆಯ ಅಧ್ಯಕ್ಷರಾದರು. 1905 ಮತ್ತು 1911ರಲ್ಲಿ ಮತ್ತೆ ಆ ಗೌರವ ಅವರಿಗೆ ಸಂದಿತು. ಈ ನಡುವೆ ಬಂದದ್ದು 1888ರ ಕಾಯ್ದೆ. ಕಮಿಷನರ್ ಬಲ ಹೆಚ್ಚಿಸಿ ಸಭೆಯನ್ನು ಕುಗ್ಗಿಸುವಂತಿದ್ದ ಮಸೂದೆಯನ್ನು ಮೆಹ್ತಾ ಮತ್ತು ಕಾಶೀನಾಥ ತ್ರಿಂಬಕ ತೇಲಂಗ್ ಶಾಸನಸಭೆಯಲ್ಲಿ ಪಟ್ಟುಹಿಡಿದು ತಿದ್ದಿಸಿದರು. ಸದಸ್ಯರ ಸಂಖ್ಯೆ 72ಕ್ಕೇರಿತು. ವಾರ್ಡುಗಳಿಂದ 36 ಮಂದಿ, ಜಸ್ಟೀಸ್‌ಗಳಿಂದ 16, ಸರ್ಕಾರದಿಂದ 16, ವಿಶ್ವವಿದ್ಯಾಲಯ ಹಾಗೂ ವಾಣಿಜ್ಯ ಮಂಡಳಿಯಿಂದ ತಲಾ ಇಬ್ಬರು ಎಂಬ ಹಂಚಿಕೆ ಜಾರಿಗೆ ಬಂತು. ಹಣಕಾಸಿನ ಮೇಲೆ ಕಣ್ಣಿಡಲು 12 ಸದಸ್ಯರ ಸ್ಥಾಯಿ ಸಮಿತಿ ಬಂದಿತು. ಅದರಲ್ಲಿ ಎಂಟು ಮಂದಿ ಸಭೆಯಿಂದಲೇ ಆರಿಸಿ ಬಂದವರು.

ಇಂಥ ಹಿಡಿತ ಅಧಿಕಾರಿವರ್ಗಕ್ಕೆ ಸಹ್ಯವಾಗಲಿಲ್ಲ. 1907ರಲ್ಲಿ ಮೆಹ್ತಾ ಅವರನ್ನು ಹೊರಗಟ್ಟಲೆಂದೇ ಯೂರೋಪಿಯನ್ ಅಧಿಕಾರಿಗಳೂ ಪತ್ರಿಕಾ ಸಂಪಾದಕರೊಬ್ಬರೂ ಕೂಡಿ 'ಕಾಕಸ್' ಎಂದೇ ಹೆಸರಾದ ಕೂಟ ಕಟ್ಟಿದರು. ಅವರು ಕಣದಲ್ಲಿದ್ದುದು ವಾರ್ಡಿನಿಂದಲ್ಲ, ಜಸ್ಟೀಸ್‌ಗಳ ಕ್ಷೇತ್ರದಿಂದ ಎಂಬುದು ಗಮನಾರ್ಹ. ಚುನಾವಣೆಯ ಹಕ್ಕಿಗಾಗಿ ಹೋರಾಡಿದ ವ್ಯಕ್ತಿಯನ್ನು ಸೋಲಿಸಲು ಅತ್ಯಂತ ಕಿರಿದಾದ ಮತದಾರರ ಕೂಟವೇ ಸಾಕಾಯಿತು. 16 ಸ್ಥಾನಗಳಿಗೆ ನಡೆದ ಚುನಾವಣೆಯಲ್ಲಿ ಅವರು 17ನೆಯವರಾದರು. ಗೆದ್ದವರಲ್ಲೊಬ್ಬರ ಆಯ್ಕೆ ಊರ್ಜಿತವಾಗದೆ ಮೆಹ್ತಾ ಸಭೆಗೆ ಮರಳಿದರು. ಆದರೆ ಆ ಪ್ರಕರಣ ನಗರದಲ್ಲಿ ಭಾರೀ ಪ್ರತಿಭಟನೆಗೆ ಕಾರಣವಾಯಿತು.

1915ರ ನವೆಂಬರ್ 5ರಂದು ಮೆಹ್ತಾ ನಿಧನರಾದರು. ಮುಂದೆ 1922ರ ಕಾಯ್ದೆ ಜಸ್ಟೀಸ್‌ಗಳ ಕ್ಷೇತ್ರವನ್ನು ಕೈಬಿಟ್ಟು, ಬಾಡಿಗೆದಾರರಿಗೂ ಮತದ ಬಾಗಿಲು ತೆರೆಯಿತು. 1931ರಲ್ಲಿ ಅಧ್ಯಕ್ಷರು ಮೇಯರ್ ಎನಿಸಿಕೊಂಡರು. ಸರ್ಕಾರ ನೇಮಿಸುವ ಕಮಿಷನರ್ ಕೈಯಲ್ಲಿ ಆಡಳಿತ, ಚುನಾಯಿತ ಸಭೆಯ ಕೈಯಲ್ಲಿ ಮೇಲ್ವಿಚಾರಣೆ ಎಂಬ ಏರ್ಪಾಡು ಮಾತ್ರ ಕದಲಲಿಲ್ಲ. ಕರ್ನಾಟಕದ 1976ರ ಮಹಾನಗರ ಪಾಲಿಕೆ ಕಾಯ್ದೆಯಲ್ಲೂ ಕಮಿಷನರ್ ಸರ್ಕಾರದ ನೇಮಕವೇ. ಮೇಯರ್‌ಗೆ ಅಧಿಕಾರವಿಲ್ಲ ಎಂಬ ನಮ್ಮ ನಗರಗಳ ಕೊರಗೂ ಇದೇ ಮಾದರಿಯದು. ಮುಂಬಯಿಯ ಎಲ್ಲ ವಯಸ್ಕರು ನಗರಸಭೆಗೆ ಮತ ಚಲಾಯಿಸಿದ್ದು 1948ರಲ್ಲಿ, ಮೆಹ್ತಾ ತೀರಿಕೊಂಡ ಮೂವತ್ತಮೂರು ವರ್ಷಗಳ ನಂತರ.